ಮಿಸ್ ರುದ್ರಪ್ಪಗೊಂದು ಪತ್ರ

ಚಿ|| ಪಲ್ಲವಿಗೆ ಅಪ್ಪನ ಆಶೀರ್ವಾದಗಳು. ಇಲ್ಲಿ ಎಲ್ಲರೂ ಕ್ಷೇಮ.

ಮೊನ್ನೆ ಫೋನಿನಲ್ಲಿ ನೀನು ಹೇಳಿದ್ದನ್ನು ಕೇಳಿ ನಿಮ್ಮಮ್ಮ ನಕ್ಕು ನಕ್ಕು ಸುಸ್ತಾದಳು. ಕಾಲೇಜಿನ ಹಾಜರಿಯಲ್ಲಿ ನಿನ್ನ ಇನಿಷಿಯಲ್ ಬಿಡಿಸಿ ಬರೆದು, ಪ್ರೊಫೆಸರುಗಳೆಲ್ಲ ‘ಮಿಸ್ ರುದ್ರಪ್ಪ’ ಅಂತ ಕೂಗುತ್ತಾರಂತೆ! ನಮ್ಮ ಕಡೆ ಒಂದಕ್ಷರವಾಗಿ ಮೂಲೆಯಲ್ಲಿ ಕೂತಿರುವ ಅಪ್ಪ ಫಿಲಿಪೀನ್ಸಿನ ದವಾವೊದಲ್ಲಿ ಮುಂದೆ ಬಂದು ನಿಂತಿದ್ದಾನೆ. ಆಮೇಲೆ ನೀನು ಕೇಳಿದೆ, “ಇಲ್ಲಿನವರ ಮುಖ ನೋಡಿದರೆ ಸ್ಪೇನಿನವರಲ್ಲ, ಹೆಸರು ಮಾತ್ರ ಯಾಕೆ ಹಾಗಿದೆ?” (ಅಲ್ಲಿನ ಟಗಾಲೊಗ್ ಭಾಷೆಯಲ್ಲೂ ಮುಖಕ್ಕೆ ಮುಖ ಅಂತಲೇ ಅನ್ನುತ್ತಾರೆ, ಗೊತ್ತೇ? ಸ್ಪೇನಿನ ಹಡಗುಗಳಿಗಿಂತ ಎಷ್ಟೋ ಮೊದಲೇ ಅಲ್ಲಿಗೆ ತಲುಪಿದ ಸಂಸ್ಕೃತ ಪದ ಅದು.)

ಮೂವತ್ತು ವರ್ಷ ಗ್ರಾಮ ಲೆಕ್ಕಿಗನಾಗಿದ್ದವನಿಗೆ ಇಂಥ ಪ್ರಶ್ನೆ ಹಾಕಿದರೆ ಬಿಟ್ಟೇನೆಯೇ? ಹುಡುಕಿ ಓದಿದೆ. ಓದಿದಷ್ಟೂ ನಮ್ಮ ಕಚೇರಿಯ ಕಪಾಟುಗಳೇ ಕಣ್ಣ ಮುಂದೆ ಬಂದವು.

ಸ್ಪೇನಿನವರು 1565ರಲ್ಲಿ ಸೆಬುವಿನಲ್ಲಿ ನೆಲೆಯೂರಿ, 1571ರಲ್ಲಿ ಮನಿಲಾವನ್ನು ರಾಜಧಾನಿ ಮಾಡಿಕೊಂಡರು. ದೇಶದ ಹೆಸರೇ ಅವರ ರಾಜ ಎರಡನೇ ಫಿಲಿಪನದು. ಕ್ರೈಸ್ತರಾದ ಜನ ಸಂತರ, ಶಿಲುಬೆಯ ಹೆಸರು ಇಟ್ಟುಕೊಂಡಿದ್ದರಿಂದ ಊರಿಗೆ ಊರೇ ದೆ ಲಾ ಕ್ರೂಸ್, ದೆ ಲೋಸ್ ಸಾಂತೋಸ್. ಕಂದಾಯ ಯಾರು ಕಟ್ಟಿದರು, ಯಾರು ಬಾಕಿ? ವರ್ಷಕ್ಕೆ 40 ದಿನದ ಬಿಟ್ಟಿ ಚಾಕರಿಗೆ ಯಾರು ಬಂದರು, ಯಾರು ತಪ್ಪಿಸಿಕೊಂಡರು? ಒಂದೇ ಹಳ್ಳಿಯಲ್ಲಿ ಹದಿನಾಲ್ಕು ಜನ ತಿಮ್ಮಯ್ಯನವರ ಖಾತೆ ನೋಡಿಕೊಂಡವನು ನಾನು, ಆ ಗುಮಾಸ್ತರ ಸಂಕಟ ನನಗೆ ಅರ್ಥವಾಗುತ್ತದೆ. ಆದರೆ ಅದಕ್ಕೆ ಗವರ್ನರ್ ನಾರ್ಸಿಸೊ ಕ್ಲಾವೆರಿಯಾ ಮಾಡಿದ್ದು ನೋಡು. 1849ರ ನವೆಂಬರ್ 21ರಂದು ಹುಕುಂ ಹೊರಡಿಸಿ, ಅರವತ್ತು ಸಾವಿರದಷ್ಟು ಅಡ್ಡಹೆಸರುಗಳ ಅಕಾರಾದಿ ಪಟ್ಟಿ ಅಚ್ಚು ಹಾಕಿಸಿ, ಹಾಳೆಗಳನ್ನು ಊರೂರಿಗೆ ಹಂಚಿಸಿದ. ಅದರಲ್ಲಿ ಸ್ಪೇನಿನ ಹೆಸರುಗಳಿದ್ದವು, ಫಿಲಿಪೀನ್ಸಿನ ಭಾಷೆಗಳ ಮಾತುಗಳೂ ಇದ್ದವು. ಆರಿಸಿಕೊಳ್ಳಿ, ಇನ್ನು ಮುಂದೆ ಮಕ್ಕಳು ಮೊಮ್ಮಕ್ಕಳಿಗೂ ಇದೇ! ನಾಲ್ಕು ತಲೆಮಾರಿನಿಂದ ಹಳೆಯ ಹೆಸರು ಉಳಿಸಿಕೊಂಡಿದ್ದ ಮನೆಗಳಿಗೆ ಮಾತ್ರ ವಿನಾಯಿತಿ. ಕೆಲವು ಕಡೆ ಒಂದೂರಿಗೆ ಒಂದೇ ಅಕ್ಷರದ ಹಾಳೆ ಹೋಯಿತು. ಆಲ್ಬಾಯ್ ಪ್ರಾಂತ್ಯದ ಓಆಸ್ ಎಂಬ ಊರಿನಲ್ಲಿ ಇವತ್ತಿಗೂ ಹೆಚ್ಚಿನವರ ಅಡ್ಡಹೆಸರು ‘ಆರ್’ ಅಕ್ಷರದ್ದೇ.

ಇದೇ ಮನುಷ್ಯ ಒಂದು ದಿನವನ್ನೂ ನುಂಗಿದ್ದಾನೆ. ಸ್ಪೇನಿನವರು ಮೆಕ್ಸಿಕೊ ಕಡೆಯಿಂದ ಬಂದವರಾದ್ದರಿಂದ ಮನಿಲಾದ ತಾರೀಖು ಸುತ್ತಲಿನ ದೇಶಗಳಿಗಿಂತ ಒಂದು ದಿನ ಹಿಂದೆ ಓಡುತ್ತಿತ್ತು. ಅದನ್ನು ಸರಿಮಾಡಲು 1844ರ ಡಿಸೆಂಬರ್ 31ನ್ನೇ ಕಿತ್ತುಹಾಕಿದರು. ಸೋಮವಾರ ರಾತ್ರಿ ಮಲಗಿದವರು ಬುಧವಾರ ಎದ್ದರು. ನೀನಿರುವ ದವಾವೊ ಅವರ ಕೈಸೇರಿದ್ದೂ ಇವನ ಕಾಲದಲ್ಲೇ, 1848ರಲ್ಲಿ. ಅದೂ ದಾತು ಬಾಗೊ ಎಂಬ ನಾಯಕನೊಡನೆ ಹೊಡೆದಾಡಿದ ಮೇಲೆ. ದವಾವೊ ಇರುವ ಮಿಂಡನಾವೊ ದ್ವೀಪದ ಮುಸ್ಲಿಂ ಸೀಮೆಗಳು ಕೊನೆಯವರೆಗೂ ಸ್ಪೇನಿಗೆ ಪೂರ್ತಿ ಬಗ್ಗಲಿಲ್ಲ.

ನನ್ನನ್ನು ನಿಜವಾಗಿ ಕೆರಳಿಸಿದ್ದು 1898ರ ಕ್ರಯಪತ್ರ. ಆ ವರ್ಷ ಜೂನ್ 12ರಂದು ಅಲ್ಲಿನ ಹೋರಾಟಗಾರರ ನಾಯಕ ಅಗಿನಾಲ್ಡೊ ಕವಿತ್ ಎಂಬ ಊರಿನಲ್ಲಿ ಸ್ವಾತಂತ್ರ್ಯ ಘೋಷಿಸಿದ. ಡಿಸೆಂಬರಿನಲ್ಲಿ, ಅಮೆರಿಕದೊಡನೆ ಯುದ್ಧದಲ್ಲಿ ಸೋತಿದ್ದ ಸ್ಪೇನು ಪ್ಯಾರಿಸ್ಸಿನಲ್ಲಿ ಕೂತು 2 ಕೋಟಿ ಡಾಲರಿಗೆ ಇಡೀ ದೇಶವನ್ನು ಅಮೆರಿಕಕ್ಕೆ ಬರೆದುಕೊಟ್ಟಿತು. ಅಷ್ಟು ಹೊತ್ತಿಗೆ ಲೂಸಾನ್ ದ್ವೀಪದ ಬಹುಭಾಗ ಅಗಿನಾಲ್ಡೊ ಕಡೆಯವರ ಕೈಯಲ್ಲಿತ್ತು, ಮನಿಲಾ ಆಗಲೇ ಅಮೆರಿಕದವರ ವಶ. ಸ್ವಾಧೀನವೇ ಇಲ್ಲದವನು ಮಾಡಿದ ಕ್ರಯ! ನಮ್ಮ ತಾಲ್ಲೂಕಿನಲ್ಲಾಗಿದ್ದರೆ ತಕರಾರು ಅರ್ಜಿ ಬೀಳುತ್ತಿತ್ತು. ತಕರಾರು ಹೇಳಲೆಂದೇ ಪ್ಯಾರಿಸ್ಸಿಗೆ ಹೋಗಿದ್ದ ಅಗಿನಾಲ್ಡೊ ಕಡೆಯ ದೂತ ಫೆಲಿಪೆ ಅಗೊನ್ಸಿಲ್ಯೊನನ್ನು ಒಳಗೇ ಬಿಡಲಿಲ್ಲ. 1899ರ ಫೆಬ್ರವರಿಯಲ್ಲಿ ಅಮೆರಿಕದವರಿಗೂ ಅಗಿನಾಲ್ಡೊ ಕಡೆಯವರಿಗೂ ಯುದ್ಧ ಶುರುವಾಯಿತು. ಗುಂಡು, ಹಸಿವು, ರೋಗ ಸೇರಿ ಸತ್ತ ಸಾಮಾನ್ಯ ಜನ 2 ಲಕ್ಷದಷ್ಟು ಎನ್ನುತ್ತಾರೆ.

ಯುದ್ಧ ಇನ್ನೂ ಮುಗಿದಿರಲಿಲ್ಲ, 1901ರಲ್ಲಿ ‘ಥಾಮಸ್’ ಎಂಬ ಹಡಗಿನಲ್ಲಿ ಸುಮಾರು 500 ಮೇಷ್ಟ್ರುಗಳು ಅಮೆರಿಕದಿಂದ ಬಂದಿಳಿದರು. ಇಂಗ್ಲಿಷ್ ಬೇರೂರಿದ್ದು ಹಾಗೆ. ನೀನು ಅಲ್ಲಿ ಡಾಕ್ಟರಿಕೆಯನ್ನು ಇಂಗ್ಲಿಷಿನಲ್ಲಿ ಓದುತ್ತಿರುವುದಕ್ಕೂ ಆ ಹಡಗಿಗೂ ನಂಟಿದೆ ನೋಡು. ಲಾಭ ನಮಗೂ ಬಂತು, ಏನನ್ನಬೇಕೋ ತೋಚಲಿಲ್ಲ.

ಎರಡನೇ ಮಹಾಯುದ್ಧದಲ್ಲಿ ಜಪಾನಿನವರು ಅಲ್ಲಿ ಆಳಿದ ಮೂರು ವರ್ಷದ ಬಗ್ಗೆ ಹೆಚ್ಚು ಬರೆಯಲಾರೆ. 1945ರಲ್ಲಿ ಮನಿಲಾಗಾಗಿ ನಡೆದ ಒಂದೇ ತಿಂಗಳ ಕಾಳಗದಲ್ಲಿ ಲಕ್ಷದಷ್ಟು ನಾಗರಿಕರು ಸತ್ತರು. ಓದಿ ಪುಸ್ತಕ ಮುಚ್ಚಿಟ್ಟೆ.

ಸ್ವಾತಂತ್ರ್ಯ ಬಂದದ್ದು 1946ರ ಜುಲೈ 4ರಂದು, ಅಂದರೆ ಅಮೆರಿಕದ ಸ್ವಾತಂತ್ರ್ಯ ದಿನವೇ! 1962ರಲ್ಲಿ ಅಧ್ಯಕ್ಷ ಮಕಪಗಾಲ್ ಅದನ್ನು ಜೂನ್ 12ಕ್ಕೆ ಬದಲಾಯಿಸಿದರು. ಈ ತಿದ್ದುಪಡಿ ಮಾತ್ರ ಅವರೇ ಮಾಡಿಕೊಂಡದ್ದು.

ನಿನ್ನ ರೂಮಿನ ಹುಡುಗಿಯ ಅಡ್ಡಹೆಸರು ‘ಆರ್’ನಿಂದ ಶುರು ಅಂದಿದ್ದೆಯಲ್ಲ, ಅವರ ಹಿರಿಯರು ಆಲ್ಬಾಯ್ ಕಡೆಯವರೇ ಅಂತ ಕೇಳಿ ತಿಳಿಸು. ಅಮ್ಮ ಚಟ್ನಿಪುಡಿ, ನಿಂಬೆ ಉಪ್ಪಿನಕಾಯಿ ಕಟ್ಟಿಟ್ಟಿದ್ದಾಳೆ, ಇಲ್ಲಿಂದ ಹೊರಡುವ ನಿನ್ನ ಜೂನಿಯರ್ ಕೈಯಲ್ಲಿ ಕಳಿಸುತ್ತೇವೆ. ಡಬ್ಬದ ಮೇಲೆ ಪಲ್ಲವಿ ಆರ್. ಅಂತ ಬರೆಯಲೋ, ಮಿಸ್ ರುದ್ರಪ್ಪ ಅಂತಲೋ?

ಇಂತಿ,
ನಿನ್ನ ಅಪ್ಪ