ಪ್ರೌಢಶಾಲೆಯ ಗೇಟಿನಲ್ಲಿ ನಿಂತ ಪೋಷಕರಿಗೆ ದಾರಿ ಹೇಳುವವರು ಬೇಕು: ನಮ್ಮ ಕ್ಷೇತ್ರದ ಶಾಸಕರಿಗೆ ಬಹಿರಂಗ ಪತ್ರ

ಮಾನ್ಯ ಶಾಸಕರಿಗೆ,

ಸಾದರ ನಮಸ್ಕಾರಗಳು.

ನಮ್ಮ ಹೋಬಳಿ ಕೇಂದ್ರದ ಸರ್ಕಾರಿ ಪ್ರೌಢಶಾಲೆಯ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಗೆ ತಾವು ಅಧ್ಯಕ್ಷರು. ಅದೇ ಸಮಿತಿಯಲ್ಲಿ ಪೋಷಕರ ಪರವಾಗಿ ಸದಸ್ಯನಾಗಿದ್ದು, ಆ ಶಾಲೆಯಲ್ಲೇ ಇಬ್ಬರು ಮಕ್ಕಳನ್ನು ಓದಿಸಿದ ಅನುಭವದ ಮೇಲೆ ಈ ಪತ್ರ ಬರೆಯುತ್ತಿದ್ದೇನೆ. ಇದನ್ನು ತಮಗೆ ಖಾಸಗಿಯಾಗಿ ಕಳುಹಿಸಬಹುದಿತ್ತು. ಆದರೆ ಇಲ್ಲಿ ಹೇಳುವ ತೊಂದರೆ ಒಂದು ಶಾಲೆಯದಲ್ಲ, ಮತ್ತು ಅದನ್ನು ಅನುಭವಿಸುವವರು ಅರ್ಜಿ ಬರೆದು ತಮ್ಮ ಕಚೇರಿಗೆ ತರುವ ಜನವೂ ಅಲ್ಲ. ಆದ್ದರಿಂದ ಎಲ್ಲರೂ ಓದುವಂತೆ ಬರೆಯುವುದೇ ಸರಿ ಎನಿಸಿತು.

ಕಳೆದ ಮಳೆಗಾಲದಲ್ಲಿ ಒಂದು ಬೆಳಿಗ್ಗೆ ಶಾಲೆಯ ಗೇಟಿನ ಬಳಿ ಒಬ್ಬ ತಾಯಿ ನಿಂತಿದ್ದರು. ಒಂಬತ್ತು ಕಿಲೋಮೀಟರ್ ದೂರದ ಹಳ್ಳಿಯಿಂದ ಬಂದಿದ್ದ ಅವರ ಕೈಯಲ್ಲಿ ಬಟ್ಟೆ ಅಂಗಡಿಯ ಒಂದು ಪ್ಲಾಸ್ಟಿಕ್ ಕವರ್ ಇತ್ತು. ರೇಷನ್ ಕಾರ್ಡು, ಜಾತಿ ಮತ್ತು ಆದಾಯ ಪ್ರಮಾಣಪತ್ರ, ಮಗಳ ಆಧಾರ್, ಬ್ಯಾಂಕ್ ಪಾಸ್‌ಬುಕ್ಕು, ಇವೆಲ್ಲವನ್ನೂ ಮಳೆಗೆ ನೆನೆಯದಂತೆ ಅದರಲ್ಲಿ ಸುತ್ತಿಟ್ಟಿದ್ದರು. ಒಂಬತ್ತನೇ ತರಗತಿಯ ಮಗಳಿಗೆ ಮೆಟ್ರಿಕ್ ಪೂರ್ವ ವಿದ್ಯಾರ್ಥಿವೇತನ ಬಂದಿರಲಿಲ್ಲ. ಶಾಲೆಯಲ್ಲಿ ಕೇಳಿದರೆ ಅರ್ಜಿ ಸರಿಯಾಗಿದೆ, ಬ್ಯಾಂಕಿನಲ್ಲಿ ವಿಚಾರಿಸಿ ಎಂದರು. ಬ್ಯಾಂಕಿನವರು ಖಾತೆಗೆ ಆಧಾರ್ ಕೊಟ್ಟಾಗಿದೆ, ಶಾಲೆಯಲ್ಲಿ ಕೇಳಿ ಎಂದರು. ತಾಲ್ಲೂಕಿನ ಇಲಾಖೆಯ ಕಚೇರಿಗೆ ಹೋದ ಮೇಲೆ ಖಾತೆಗೆ ಎನ್‌ಪಿಸಿಐ ಮ್ಯಾಪಿಂಗ್ ಆಗಿಲ್ಲವೆಂಬ ಉತ್ತರ ಸಿಕ್ಕಿತು. ಆ ಪದದ ಅರ್ಥ ಅಲ್ಲಿ ಯಾರೂ ಬಿಡಿಸಿ ಹೇಳಲಿಲ್ಲ. ನಾಲ್ಕನೆಯ ದಿನ ಗ್ರಾಮ ಒನ್ ಕೇಂದ್ರದಲ್ಲಿ ಕುಳಿತಾಗ ಓಟಿಪಿ ಹೋಗಿದ್ದು ಬೆಂಗಳೂರಿನಲ್ಲಿ ಗಾರೆ ಕೆಲಸಕ್ಕಿರುವ ಗಂಡನ ಫೋನಿಗೆ. ಅವರು ಕೆಲಸದ ನಡುವೆ ಫೋನ್ ಎತ್ತುವಷ್ಟರಲ್ಲಿ ಓಟಿಪಿಯ ಅವಧಿ ಮುಗಿದಿತ್ತು.

ಉದ್ಯೋಗ ಖಾತ್ರಿಯ ಕೂಲಿ ನಮ್ಮ ರಾಜ್ಯದಲ್ಲಿ 2025-26ಕ್ಕೆ ದಿನಕ್ಕೆ 370 ರೂಪಾಯಿ ಇತ್ತು. ಆ ಲೆಕ್ಕ ಹಿಡಿದರೂ ನಾಲ್ಕು ದಿನಕ್ಕೆ 1,480 ರೂಪಾಯಿ ಆ ಮನೆಯಿಂದ ಹೋಯಿತು. ಕವರನ್ನು ಮಡಚುತ್ತಾ ಅವರು ನನ್ನನ್ನು ಕೇಳಿದ್ದು ಒಂದೇ ಮಾತು: "ಇದನ್ನೆಲ್ಲ ಮೊದಲೇ ಹೇಳೋರು ಯಾರೂ ಇಲ್ವೇನಣ್ಣ?"

ಇದೇ ಪ್ರಶ್ನೆಯನ್ನು ತಮ್ಮ ಮುಂದಿಡುವುದಕ್ಕಾಗಿ ಈ ಪತ್ರ.

ಆ ತಾಯಿಗೆ ಯಾರೂ ಸುಳ್ಳು ಹೇಳಿರಲಿಲ್ಲ ಎಂಬುದನ್ನು ತಾವು ಗಮನಿಸಬೇಕು. ಶಾಲೆಯ ಮಟ್ಟಿಗೆ ಅರ್ಜಿ ಸರಿಯಿತ್ತು, ಬ್ಯಾಂಕಿನ ಮಟ್ಟಿಗೆ ಆಧಾರ್ ಪ್ರತಿ ಕೊಟ್ಟಿದ್ದಾಗಿತ್ತು. ಖಾತೆ ತೆರೆಯುವಾಗ ಗುರುತಿಗೆಂದು ಆಧಾರ್ ಕೊಡುವುದು ಬೇರೆ, ಸರ್ಕಾರದ ಹಣ ಆಧಾರ್ ಸಂಖ್ಯೆಯನ್ನು ಹಿಡಿದು ಇದೇ ಖಾತೆಗೆ ಬಂದು ಸೇರಲಿ ಎಂದು ಜೋಡಿಸುವುದು ಬೇರೆ; ಈ ಎರಡನೆಯದೇ ಎನ್‌ಪಿಸಿಐ ಮ್ಯಾಪಿಂಗ್. ಎರಡಕ್ಕೂ ಜನ 'ಆಧಾರ್ ಲಿಂಕ್' ಎಂಬ ಒಂದೇ ಮಾತು ಬಳಸುವುದರಿಂದ ಗೊಂದಲವಾಗುತ್ತದೆ. ತಿಳಿದವರೊಬ್ಬರು ಜೂನ್ ತಿಂಗಳಲ್ಲೇ ಪಾಸ್‌ಬುಕ್ ನೋಡಿ, ಬ್ಯಾಂಕಿಗೆ ಹೋಗಿ ಈ ಒಂದು ಅರ್ಜಿ ಕೊಡಿ, ಇಲ್ಲವೇ ಅಂಚೆ ಕಚೇರಿಯಲ್ಲಿ ಆಧಾರ್ ಜೋಡಣೆಯಿರುವ ಖಾತೆ ತೆರೆಯಿರಿ ಎಂದಿದ್ದರೆ ಕೆಲಸ ಅಲ್ಲಿಗೇ ಮುಗಿಯುತ್ತಿತ್ತು.

ಸರ್ಕಾರ ಪ್ರೌಢಶಾಲೆಯ ಮಕ್ಕಳಿಗೆ ಏನೂ ಕೊಡುತ್ತಿಲ್ಲ ಎಂದು ದೂರುವವರ ಪೈಕಿ ನಾನಿಲ್ಲ. ಪಠ್ಯಪುಸ್ತಕ, ಸಮವಸ್ತ್ರ, ಹತ್ತನೇ ತರಗತಿಯವರೆಗೆ ಬಿಸಿಯೂಟ, 2013ರಿಂದ ಕ್ಷೀರಭಾಗ್ಯದ ಹಾಲು, ಈಚೆಗೆ ಮೊಟ್ಟೆ, ಇವೆಲ್ಲ ಶಾಲೆಯೊಳಗೇ ಸಿಗುತ್ತವೆ, ಮಗು ಶಾಲೆಗೆ ಬಂದರೆ ಸಾಕು. ತೊಡಕಿರುವುದು ಪೋಷಕರು ಹುಡುಕಿಕೊಂಡು ಹೋಗಬೇಕಾದ ಸೌಲಭ್ಯಗಳಲ್ಲಿ. ವಿದ್ಯಾರ್ಥಿವೇತನಕ್ಕೆ ಎಸ್‌ಎಸ್‌ಪಿ ಪೋರ್ಟಲ್, ಅದಕ್ಕೆ ಬೇಕಾದ ಪ್ರಮಾಣಪತ್ರಕ್ಕೆ ನಾಡಕಚೇರಿ. ಹಾಸ್ಟೆಲ್ ಬೇಕೆಂದರೆ ಸಮಾಜ ಕಲ್ಯಾಣ, ಹಿಂದುಳಿದ ವರ್ಗಗಳ ಕಲ್ಯಾಣ, ಅಲ್ಪಸಂಖ್ಯಾತರ ಕಲ್ಯಾಣ ಎಂದು ಬೇರೆ ಬೇರೆ ಇಲಾಖೆಗಳು. ಶಕ್ತಿ ಯೋಜನೆ ಬಂದ ಮೇಲೆ ಹೆಣ್ಣುಮಕ್ಕಳ ಬಸ್ಸಿನ ಚಿಂತೆ ಕಳೆದಿದೆ, ಗಂಡುಮಕ್ಕಳ ಪಾಸಿಗೆ ಮಾತ್ರ ಸೇವಾ ಸಿಂಧುವಿನಲ್ಲಿ ಅರ್ಜಿ ಹಾಕಬೇಕು. ಕಟ್ಟಡ ಕಾರ್ಮಿಕರ ಮಕ್ಕಳಿಗೆ ಕಲ್ಯಾಣ ಮಂಡಳಿಯ ಶೈಕ್ಷಣಿಕ ಸಹಾಯಧನವೂ ಇದೆ. ಮೇಲೆ ಹೇಳಿದ ತಾಯಿಯ ಗಂಡ ವರ್ಷಗಟ್ಟಲೆ ಗಾರೆ ಕೆಲಸ ಮಾಡಿದ್ದರೂ ಕಾರ್ಮಿಕ ಕಾರ್ಡು ಮಾಡಿಸಿರಲಿಲ್ಲ, ಹಾಗೊಂದು ಕಾರ್ಡು ಇದೆಯೆಂಬುದೇ ಆ ಮನೆಗೆ ತಿಳಿದಿರಲಿಲ್ಲ.

ಪ್ರಾಥಮಿಕ ಶಾಲೆಯಲ್ಲಿ ಈ ತೊಂದರೆ ಇಷ್ಟಿಲ್ಲ, ಅದಕ್ಕೆ ಕಾರಣವೂ ಇದೆ. ಊರಿನ ಶಾಲೆ ಮನೆಯಿಂದ ಕೂಗಳತೆಯಲ್ಲಿರುತ್ತದೆ. ಮೇಷ್ಟ್ರು, ಬಿಸಿಯೂಟದ ಅಡುಗೆಯವರು, ಸಮಿತಿಯ ಸದಸ್ಯರು ಎಲ್ಲರೂ ಮುಖಪರಿಚಯದವರು. ಏನಾದರೂ ಕೇಳಬೇಕೆಂದರೆ ಸಂಜೆ ಕಟ್ಟೆಯ ಮೇಲೆ ಕೇಳಿದರೂ ಆಗುತ್ತದೆ. ಮಗು ಎಂಟನೇ ತರಗತಿಗೆ ಬರುವಾಗ ಆ ಎಲ್ಲ ಪರಿಚಯಗಳೂ ಹಿಂದೆ ಉಳಿದುಬಿಡುತ್ತವೆ. ಶಾಲೆ ಬೇರೆ ಊರಿನಲ್ಲಿ, ವಿಷಯಕ್ಕೊಬ್ಬ ಶಿಕ್ಷಕರು, ಯಾರ ಹೆಸರೂ ಗೊತ್ತಿಲ್ಲ. ಅನೇಕ ಪೋಷಕರು ಪ್ರೌಢಶಾಲೆಯ ಮೆಟ್ಟಿಲು ಹತ್ತುವುದು ಎರಡೇ ಸಲ, ಸೇರಿಸುವಾಗ ಒಮ್ಮೆ, ಟಿಸಿ ಪಡೆಯುವಾಗ ಒಮ್ಮೆ. ಶಿಕ್ಷಣ ಹಕ್ಕು ಕಾಯ್ದೆಯ ರಕ್ಷಣೆಯೂ 14ನೇ ವಯಸ್ಸಿಗೆ, ಎಂಟನೇ ತರಗತಿಗೆ ನಿಲ್ಲುತ್ತದೆ. ಮಕ್ಕಳು ಶಾಲೆ ಬಿಡುವ, ಹೆಣ್ಣುಮಕ್ಕಳಿಗೆ ಮನೆಯಲ್ಲಿ ಮದುವೆಯ ಮಾತು ಏಳುವ ವಯಸ್ಸಿನಲ್ಲೇ ಶಾಲೆ ಮತ್ತು ಮನೆಯ ನಡುವಿನ ದಾರಿ ಹೀಗೆ ಸವೆದುಹೋಗುತ್ತಿದೆ.

ಕೇಂದ್ರ ಸರ್ಕಾರದ ವಿದ್ಯಾರ್ಥಿವೇತನಕ್ಕಾಗಿ ನಡೆಯುವ ಎನ್‌ಎಂಎಂಎಸ್ ಪರೀಕ್ಷೆಯ ವಿಷಯವನ್ನು ಸ್ವಲ್ಪ ವಿವರವಾಗಿ ಹೇಳಬೇಕು. ಸರ್ಕಾರಿ ಮತ್ತು ಅನುದಾನಿತ ಶಾಲೆಗಳ ಎಂಟನೇ ತರಗತಿಯ ಮಕ್ಕಳು ಈ ಪರೀಕ್ಷೆ ಬರೆದು ಆಯ್ಕೆಯಾದರೆ ಒಂಬತ್ತರಿಂದ ಹನ್ನೆರಡನೇ ತರಗತಿಯವರೆಗೆ ವರ್ಷಕ್ಕೆ 12,000 ರೂಪಾಯಿ, ಒಟ್ಟು 48,000 ರೂಪಾಯಿ ಸಿಗುತ್ತದೆ. ಪೋಷಕರ ವಾರ್ಷಿಕ ಆದಾಯ ಮೂರೂವರೆ ಲಕ್ಷ ದಾಟಿರಬಾರದು, ಏಳನೇ ತರಗತಿಯಲ್ಲಿ ಶೇ. 55 ಅಂಕ ಬಂದಿರಬೇಕು, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ ಶೇ. 50 ಸಾಕು. ನಮ್ಮ ಶಾಲೆಗೆ ಬರುವ ಬಹುಪಾಲು ಮನೆಗಳು ಈ ಆದಾಯ ಮಿತಿಯ ಒಳಗೇ ಇವೆ. ಆದರೂ ಪರೀಕ್ಷೆಗೆ ಅರ್ಜಿ ಹಾಕುವುದು ಶಿಕ್ಷಕರು ಗುರುತಿಸಿದ ಕೆಲವೇ ಮಕ್ಕಳು. ಹಾಗೆ ಬರೆದು ಆಯ್ಕೆಯಾದ ಮೇಲೂ ಪ್ರತಿವರ್ಷ ನವೀಕರಣ ಮಾಡಿಸಬೇಕೆಂಬುದು ತಿಳಿಯದೆ ಮುಂದಿನ ಕಂತು ಕಳೆದುಕೊಂಡವರನ್ನು ನಾನು ಬಲ್ಲೆ. ಹುಡುಗ ಪರೀಕ್ಷೆಯಲ್ಲಿ ಗೆದ್ದು ಬಂದದ್ದು ಹಿರಿಯರಿಗೆ ದಿನಾಂಕ ತಿಳಿಯದ್ದರಿಂದ ಕೈತಪ್ಪಿ ಹೋಗುವುದನ್ನು ನೋಡಿದರೆ ಹೊಟ್ಟೆಯಲ್ಲಿ ಸಂಕಟವಾಗುತ್ತದೆ.

ನನ್ನ ಮನೆಯ ವಿಷಯವನ್ನೂ ಮುಚ್ಚಿಡುವುದಿಲ್ಲ. ನನ್ನ ಮಗ ಬಾಯಲ್ಲಿ ಕೇಳಿದ ಪ್ರಶ್ನೆಗೆಲ್ಲ ಉತ್ತರ ಹೇಳುತ್ತಿದ್ದ, ಬರೆಯಲು ಕುಳಿತರೆ ಒತ್ತಕ್ಷರಗಳು ತಪ್ಪುತ್ತಿದ್ದವು, ಸಾಲು ಮುಗಿಯುತ್ತಿರಲಿಲ್ಲ. ಸೋಮಾರಿತನವೆಂದು ಶಾಲೆಯಲ್ಲೂ ಬೈದರು, ಮನೆಯಲ್ಲಿ ನಾನೂ ಬೈದೆ. ಎಸ್‌ಎಸ್‌ಎಲ್‌ಸಿ ವರ್ಷದ ಜನವರಿಯಲ್ಲಿ ವೈದ್ಯರೊಬ್ಬರು ಇದು ಕಲಿಕಾ ನ್ಯೂನತೆ ಎಂದು ಹೇಳಿದರು. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯ 21 ನ್ಯೂನತೆಗಳಲ್ಲಿ ಇದೂ ಒಂದು, ಇಂಥ ಮಕ್ಕಳಿಗೆ ಪರೀಕ್ಷೆಯಲ್ಲಿ ಹೆಚ್ಚುವರಿ ಸಮಯ, ಬರಹಗಾರರ ನೆರವು ಮುಂತಾದ ರಿಯಾಯಿತಿಗಳಿವೆ, ವೈದ್ಯಕೀಯ ಪ್ರಮಾಣಪತ್ರದೊಂದಿಗೆ ಶಾಲೆಯ ಮೂಲಕ ಪರೀಕ್ಷಾ ಮಂಡಳಿಗೆ ಮೊದಲೇ ಕೋರಿಕೆ ಸಲ್ಲಿಸಬೇಕು ಎಂಬುದೆಲ್ಲ ನನಗೆ ತಿಳಿದದ್ದು ಆ ವರ್ಷದ ಕೊನೆಯ ದಿನಾಂಕ ಕಳೆದ ಮೇಲೆ. ವಿಶೇಷ ಅಗತ್ಯದ ಮಕ್ಕಳಿಗಾಗಿಯೇ ನೇಮಕವಾದ ಸಂಪನ್ಮೂಲ ಶಿಕ್ಷಕರು ತಾಲ್ಲೂಕಿನ ಕ್ಷೇತ್ರ ಸಂಪನ್ಮೂಲ ಕೇಂದ್ರದಲ್ಲಿ ಇರುತ್ತಾರೆಂಬುದೂ ಆಗಲೇ ಗೊತ್ತಾಯಿತು. ಮಗ ಯಾವ ನೆರವೂ ಇಲ್ಲದೆ ಪರೀಕ್ಷೆ ಬರೆದ. ಗಣಿತದ ಪತ್ರಿಕೆಯ ದಿನ ಹೊರಗೆ ಬಂದು, "ಅಪ್ಪಾ, ಗೊತ್ತಿತ್ತು, ಟೈಮ್ ಸಾಲಲಿಲ್ಲ" ಎಂದ. ಆ ಮಾತು ಇಂದಿಗೂ ನನ್ನನ್ನು ಬಿಟ್ಟಿಲ್ಲ.

ಇದಕ್ಕೆ ಶಿಕ್ಷಕರನ್ನು ಹೊಣೆ ಮಾಡಬೇಡಿ ಎಂದು ಕೈಮುಗಿದು ಕೇಳುತ್ತೇನೆ. ಪಾಠದ ಜೊತೆಗೆ ಮಕ್ಕಳ ವಿವರ ತುಂಬುವ ಎಸ್‌ಎಟಿಎಸ್ ದಾಖಲೆ, ಹಾಲು-ಮೊಟ್ಟೆಯ ಲೆಕ್ಕ, ಪೋರ್ಟಲ್‌ಗಳಿಗೆ ಮಾಹಿತಿ ತುಂಬುವುದು, ಇವೆಲ್ಲವೂ ಅವರ ಮೇಲಿದೆ. ಗುಮಾಸ್ತರ ಹುದ್ದೆ ಖಾಲಿಯಿದ್ದರೆ ಆ ಕೆಲಸವೂ ಮುಖ್ಯ ಶಿಕ್ಷಕರದೇ. ಸುತ್ತೋಲೆ ಬಂದ ಕೂಡಲೇ ಅವರು ವಾಟ್ಸ್‌ಆ್ಯಪ್ ಗುಂಪಿಗೆ ಹಾಕುತ್ತಾರೆ. ಆದರೆ ಮನೆಯಲ್ಲಿ ಫೋನ್ ಇರುವುದು ದುಡಿಯಲು ಹೋದವರ ಜೇಬಿನಲ್ಲಿ, ಸುತ್ತೋಲೆಯ ಕನ್ನಡವಾದರೋ ನಾನೇ ಎರಡು ಸಲ ಓದಬೇಕಾದಂಥದ್ದು.

ಹಾಗಾದರೆ ಶಾಸಕರನ್ನೇ ಏಕೆ ಕೇಳುತ್ತಿದ್ದೇನೆ? ತಾವು ಶಾಲಾ ಸಮಿತಿಯ ಅಧ್ಯಕ್ಷರಷ್ಟೇ ಅಲ್ಲ, ತಾಲ್ಲೂಕಿನ ಅಭಿವೃದ್ಧಿ ಕೆಲಸಗಳನ್ನು ಪರಿಶೀಲಿಸುವ ಕೆಡಿಪಿ ಸಭೆಯ ಅಧ್ಯಕ್ಷರೂ ಹೌದು. ಕ್ಷೇತ್ರ ಶಿಕ್ಷಣಾಧಿಕಾರಿ, ತಹಶೀಲ್ದಾರರು, ಕಲ್ಯಾಣ ಇಲಾಖೆಗಳ ಅಧಿಕಾರಿಗಳು, ತಾಲ್ಲೂಕು ಆರೋಗ್ಯಾಧಿಕಾರಿ, ಕಾರ್ಮಿಕ ನಿರೀಕ್ಷಕರು, ಇವರೆಲ್ಲ ಒಂದೇ ಮೇಜಿನ ಸುತ್ತ ಕೂರುವುದು ಆ ಸಭೆಯಲ್ಲಿ. ಮುಖ್ಯ ಶಿಕ್ಷಕರು ಪತ್ರ ಬರೆದರೆ ಶಿಕ್ಷಣ ಇಲಾಖೆಯೊಳಗೆ ಸುತ್ತುತ್ತದೆ, ಬೇರೆ ಇಲಾಖೆಯ ಬಾಗಿಲು ತಟ್ಟುವ ಅಧಿಕಾರ ಅವರಿಗಿಲ್ಲ. ತಾವು ಒಂದು ಮಾತು ಹೇಳಿದರೆ ಎಲ್ಲ ಇಲಾಖೆಗಳೂ ಒಟ್ಟಿಗೆ ಕೇಳಿಸಿಕೊಳ್ಳುತ್ತವೆ.

ನಾನು ಕೇಳುವುದು ಹೊಸ ಯೋಜನೆಯನ್ನಲ್ಲ. ಪ್ರತಿ ಸರ್ಕಾರಿ ಪ್ರೌಢಶಾಲೆಯಲ್ಲಿ ವಾರಕ್ಕೊಂದು ದಿನ, ಸಂತೆಯ ದಿನವಾದರೆ ಒಳ್ಳೆಯದು, ಪೋಷಕರಿಗೆಂದೇ ಒಬ್ಬರು ಕೂರಬೇಕು. ನಮ್ಮಲ್ಲಿ ಸಂತೆ ಗುರುವಾರ, ಆ ದಿನ ಸುತ್ತಲಿನ ಹಳ್ಳಿಯವರು ಹೇಗೂ ಹೋಬಳಿಗೆ ಬರುತ್ತಾರೆ, ಕೂಲಿ ಬಿಟ್ಟು ಬರಬೇಕಾಗಿಲ್ಲ. ಕೂರುವವರು ಶಿಕ್ಷಕರಾಗಿರಬಾರದು, ಅವರ ತಲೆಯ ಮೇಲೆ ಮತ್ತೊಂದು ಹೊರೆ ಬೇಡ. ಪಂಚಾಯಿತಿಯ ಅರಿವು ಕೇಂದ್ರದ ಗ್ರಂಥಾಲಯ ಮೇಲ್ವಿಚಾರಕರೋ, ಸ್ವಸಹಾಯ ಸಂಘದಲ್ಲಿ ಲೆಕ್ಕ ಬರೆಯುವ, ಓದಿಕೊಂಡ ಹೆಣ್ಣುಮಗಳೋ ಆಗಬಹುದು. ಹೆಣ್ಣುಮಗಳಾದರೆ ತಾಯಂದಿರು ಮುಟ್ಟಿನ ಆರೋಗ್ಯ, ಮನೆಯ ಜಗಳ, ಮಗಳಿಗೆ ದಾರಿಯಲ್ಲಿ ಯಾರೋ ಕೊಡುವ ಕಿರುಕುಳ ಇಂಥವನ್ನೂ ಬಾಯಿಬಿಟ್ಟು ಹೇಳುತ್ತಾರೆ. ಗೋಡೆಯ ಮೇಲೆ ಮಕ್ಕಳ ಸಹಾಯವಾಣಿಯ ಸಂಖ್ಯೆ 1098 ಬರೆದಿರುವುದು ಏಕೆಂದು ಆಗ ಅವರಿಗೆ ವಿವರಿಸಲೂಬಹುದು. ದಯವಿಟ್ಟು ಇದನ್ನು ಉಚಿತ ಸೇವೆ ಎಂದು ಮಾಡಬೇಡಿ. ಗೌರವಧನ ಇಲ್ಲದ ಕೆಲಸ ಮೂರು ತಿಂಗಳಿಗೆ ನಿಲ್ಲುತ್ತದೆ, ಇಲ್ಲವೇ ಅರ್ಜಿಗೆ ಇಷ್ಟೆಂದು ಕೈಚಾಚುವ ಮಧ್ಯವರ್ತಿಯ ಕೆಲಸವಾಗುತ್ತದೆ. ಪೋಷಕರ ಮೂಲ ದಾಖಲೆಗಳನ್ನು ಯಾರೂ ಇಟ್ಟುಕೊಳ್ಳಬಾರದು, ಓಟಿಪಿಯನ್ನು ಅವರ ಎದುರಿನಲ್ಲೇ ಬಳಸಬೇಕು ಎಂಬ ನಿಯಮವೂ ಇರಲಿ.

ಇದರ ಜೊತೆಗೆ ಶಾಲೆಯ ಹೊರಗೋಡೆಯ ಮೇಲೆ, ಬೀಗ ಹಾಕಿದ ಮೇಲೂ ಕಾಣುವ ಜಾಗದಲ್ಲಿ, ವರ್ಷದ ಒಂದು ಪಟ್ಟಿ ಬೇಕು. ಯಾವ ತಿಂಗಳಲ್ಲಿ ಯಾವ ಅರ್ಜಿ, ಯಾವ ಕಾಗದ, ಯಾರನ್ನು ಕಾಣಬೇಕು ಎಂದು ಮಾತಾಡುವ ಕನ್ನಡದಲ್ಲಿ, ದೊಡ್ಡ ಅಕ್ಷರದಲ್ಲಿ ಬರೆಸಬೇಕು. ಉರ್ದು, ತೆಲುಗು, ಮರಾಠಿ ಮನೆಮಾತಿನವರಿರುವ ಕಡೆ ಆ ಭಾಷೆಯಲ್ಲೂ ಇರಲಿ. ಎಂಟನೇ ತರಗತಿಗೆ ದಾಖಲಾತಿ ನಡೆಯುವ ವಾರದಲ್ಲಿ ನಾಡಕಚೇರಿ, ಬ್ಯಾಂಕು, ಅಂಚೆ, ಹಾಸ್ಟೆಲ್‌ನವರು ಒಂದು ದಿನ ಶಾಲೆಗೇ ಬಂದು ಕುಳಿತರೆ, ಎಸ್‌ಎಟಿಎಸ್‌ನಲ್ಲೂ ಆಧಾರ್‌ನಲ್ಲೂ ಹೆಸರು ಬೇರೆ ಬೇರೆಯಾಗಿರುವಂಥ ತಪ್ಪುಗಳು ಆಗಲೇ ಕಾಣುತ್ತವೆ. ಈ ತಪ್ಪನ್ನು ಎಂಟನೇ ತರಗತಿಯಲ್ಲಿ ಸರಿಪಡಿಸುವುದು ಸುಲಭ, ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಯಲ್ಲಿ ಅಚ್ಚಾದ ಮೇಲೆ ಕಷ್ಟ.

ಮುಂದಿನ ಕೆಡಿಪಿ ಸಭೆಯ ವಿಷಯಪಟ್ಟಿಯಲ್ಲಿ ಇದನ್ನು ಸೇರಿಸಬೇಕೆಂದೂ, ಬೇಸಿಗೆ ರಜೆ ಮುಗಿಯುವ ಮೊದಲು ನಮ್ಮ ಶಾಲಾ ಸಮಿತಿಯ ಸಭೆ ಕರೆಯಬೇಕೆಂದೂ ಕೋರುತ್ತೇನೆ. ಗೋಡೆಯ ಪಟ್ಟಿಯ ಕರಡನ್ನು ನಾನೇ ಬರೆದು ತರುತ್ತೇನೆ, ಮುಖ್ಯ ಶಿಕ್ಷಕರು ತಿದ್ದಿಕೊಡಲು ಒಪ್ಪಿದ್ದಾರೆ. ಸಭೆಯನ್ನು ಭಾನುವಾರ, ಅಥವಾ ಕೆಲಸದ ದಿನವಾದರೆ ಸಂಜೆ ಐದರ ಮೇಲೆ ಇಟ್ಟರೆ ಆ ತಾಯಿಯೂ ಬರುತ್ತಾರೆ. ಅವರನ್ನು ಕೇಳಿಯೇ ಇದನ್ನು ಬರೆಯುತ್ತಿದ್ದೇನೆ.

ಇಂತಿ ತಮ್ಮ ವಿಶ್ವಾಸಿ,
ಸರ್ಕಾರಿ ಪ್ರೌಢಶಾಲೆಯಲ್ಲಿ ಮಕ್ಕಳನ್ನು ಓದಿಸಿದ ಒಬ್ಬ ತಂದೆ