ಇವತ್ತು ಏನು ನೋಡಿದೆ ಎಂದು ಕೇಳಿದವರಿಗೆ

ಮೊನ್ನೆ ಭೂಮಿ ಹುಣ್ಣಿಮೆಗೆ ನಮ್ಮ ಮನೆಯ ಬುಟ್ಟಿಯ ಮೇಲೆ ಚಿತ್ತಾರ ನಾನೇ ಬರೆದೆ. ಬಲಗೈಯಲ್ಲೇ ಬರೆದೆ. ಹೋದ ವರ್ಷ ಪುಷ್ಯ ಮಳೆಯಲ್ಲಿ ಮುರಿದಿದ್ದ ಕೈ ಅದು. ಬುಟ್ಟಿ ಗದ್ದೆಗೆ ಹೋಗಿ ಮನೆಗೆ ಬಂದಾಗಿನಿಂದ ಮನಸ್ಸು ತುಂಬಿಕೊಂಡೇ ಇದೆ. ಯಾರ್‍ಯಾರಿಗೆ ಏನೇನು ಹೇಳಬೇಕೋ ಅದನ್ನು ನಮ್ಮ ಬರೆಯುವವರ ಗುಂಪಿನ ಎಲ್ಲರ ಎದುರಿಗೇ ಹೇಳಿಬಿಡೋಣ ಅನ್ನಿಸಿತು.

ನಮ್ಮದು ಸಾಗರ ತಾಲ್ಲೂಕಿನ ಹಳ್ಳಿ. ನಾವು ದೀವರು, ಮಲೆನಾಡಿನಲ್ಲಿ ಗದ್ದೆ ಮಾಡುವ ಜನ. ಆಶ್ವೀಜದ ಹುಣ್ಣಿಮೆ ಹೊತ್ತಿಗೆ ಭತ್ತ ಹೊಡೆಯಾಗಿರುತ್ತೆ, ಅಂದರೆ ತೆನೆ ಇನ್ನೂ ಒಳಗೇ ಇರುತ್ತೆ. ಭೂಮಿತಾಯಿ ಬಸುರಿ ಎಂದು ನಮ್ಮ ನಂಬಿಕೆ. ಬಸುರಿಗೆ ಬಯಕೆ ಊಟ ಬಡಿಸಬೇಕು ಅಲ್ವಾ? ರಾತ್ರಿಯಿಡೀ ಅಡಿಗೆ ಮಾಡುತ್ತೇವೆ. ಬೆಳಕು ಹರಿಯುವ ಮೊದಲೇ ಅದನ್ನು ಬುಟ್ಟಿಯಲ್ಲಿ ಗದ್ದೆಗೆ ಹೊತ್ತು, ಹಾಲಂಬಲಿ, ಹಚ್ಚಂಬಲಿ ಎಂದು ಕೂಗುತ್ತಾ ಬೀರುತ್ತೇವೆ. ಆ ಬುಟ್ಟಿಯೇ ಭೂಮಣ್ಣಿ ಬುಟ್ಟಿ. ಅದಕ್ಕೆ ಸಗಣಿ ಸಾರಿಸಿ, ಮೇಲೆ ಕೆಮ್ಮಣ್ಣು ಬಳಿದು, ಒಣಗಿದ ಮೇಲೆ ಅಕ್ಕಿ ಹಿಟ್ಟಿನಲ್ಲಿ ಚಿತ್ತಾರ ಬರೆಯಬೇಕು. ವಿಜಯದಶಮಿಯಿಂದ ಹುಣ್ಣಿಮೆಗೆ 5 ದಿನ. ಅಷ್ಟರಲ್ಲಿ ಮುಗಿಯಬೇಕು.

ನನಗೆ 9 ವರ್ಷವಾದಾಗ ಅಜ್ಜಿ ಕೈಗೆ ಪುಂಡಿ ನಾರಿನ ಕುಂಚ ಕೊಟ್ಟಳು. ಆಮೇಲೆ ಒಂದು ವರ್ಷವೂ ತಪ್ಪಿರಲಿಲ್ಲ. ಗೋಡೆಯ ಮೇಲಿನ ಚಿತ್ತಾರವೇ ಹಸೆ. ನಮ್ಮಲ್ಲಿ ಹಸೆ ಬಿಡಿಸುವುದು ಅನ್ನುವುದಿಲ್ಲ, ಹಸೆ ಬರೆಯುವುದು ಅನ್ನುತ್ತೇವೆ. ಅದಕ್ಕೇ ಇರಬೇಕು, ಕಥೆ ಕವಿತೆ ಬರೆಯುವವರ ಗುಂಪಿಗೆ ಸೇರಿದಾಗ ನನಗೆ ಪರರ ಮನೆಗೆ ಹೋದ ಹಾಗೆ ಅನ್ನಿಸಲಿಲ್ಲ.

ಈ ಗುಂಪಿನಲ್ಲಿ ನಾವು 23 ಮಂದಿ. ಮೊದಲು ಪರಿಚಯವಾದ ನಾಲ್ಕೈದು ಜನ ಭೇಟಿಯಾಗಿದ್ದು ಹೆಗ್ಗೋಡಿನಲ್ಲಿ. 1949ರಲ್ಲಿ ಒಂದು ಪುಟ್ಟ ಹಳ್ಳಿಯ ಜನ ಸೇರಿ ಕಟ್ಟಿದ ನೀನಾಸಂಗೆ ನಾಟಕ ನೋಡಲು ಹೋಗಿದ್ದೆವು. ನಾಟಕ ಮುಗಿದ ಮೇಲೆ ಚಹಾ ಕುಡಿಯುತ್ತಾ ಅದರ ಕೊನೆಯ ದೃಶ್ಯದ ಬಗ್ಗೆ ವಾದ ಶುರುವಾಯಿತು. ಬಸ್ಸು ಹೋಗೇಬಿಟ್ಟಿತು. ವಾದ ಮುಗಿದಿರಲಿಲ್ಲ. ಫೋನ್ ನಂಬರ್ ತೆಗೆದುಕೊಂಡೆವು. ಆಮೇಲೆ ಒಬ್ಬರು ಇನ್ನೊಬ್ಬರನ್ನು ಕರೆತಂದು, ಸೊರಬ, ತೀರ್ಥಹಳ್ಳಿ, ಶಿವಮೊಗ್ಗ, ತುಮರಿ ಎಲ್ಲ ಕಡೆಯವರೂ ವಾಟ್ಸಾಪಿನಲ್ಲಿ ಒಂದೇ ಜಗಲಿಗೆ ಬಂದು ಕೂತ ಹಾಗಾಯಿತು. ಕೆಲವರನ್ನು ನಾನು ಇನ್ನೂ ಮುಖಾಮುಖಿ ನೋಡಿಲ್ಲ. ಆದರೂ ಅವರು ಬರೀ ಕೆಮ್ಮಿದರೂ ಯಾರೆಂದು ಗೊತ್ತಾಗುತ್ತೆ, ಅಷ್ಟು ಪರಿಚಯ.

ಇನ್ನು ಕೈಯ ವಿಷಯ. ತೋಟಕ್ಕೆ ಹೋಗುವ ದಾರಿಯಲ್ಲಿ ಹಳ್ಳಕ್ಕೆ ಅಡಿಕೆ ಮರದ ಸಂಕ, ಅಂದರೆ ಕಾಲುಸೇತುವೆ, ಹಾಕಿದ್ದೇವೆ. ಅದು ಪಾಚಿ ಕಟ್ಟಿತ್ತು. ಕಾಲು ಜಾರಿ ಬಿದ್ದೆ. ಮಣಿಕಟ್ಟಿನ ಹತ್ತಿರ ಮೂಳೆ ಮುರಿಯಿತು. ಮೊದಲು ಹಾಕಿಸಿಕೊಂಡ ಕಟ್ಟಿನಲ್ಲಿ ಮೂಳೆ ಸರಿಯಾಗಿ ಕೂರಲಿಲ್ಲ. 3 ವಾರ ಆದ ಮೇಲೆ ಎಕ್ಸ್‌ರೇ ತೆಗೆದರೆ ಓರೆಯಾಗಿ ಕೂಡಿಕೊಳ್ಳುತ್ತಿತ್ತು. ಶಿವಮೊಗ್ಗದಲ್ಲಿ ಆಪರೇಷನ್ ಆಯಿತು. ಒಳಗೆ ಪ್ಲೇಟು, ಸ್ಕ್ರೂ. ಹೊಲಿಗೆ ಬಿಚ್ಚಿದ ಮೇಲೆ ನೋಡಿದರೆ ಬೆರಳುಗಳು ನನ್ನ ಮಾತು ಕೇಳುತ್ತಿರಲಿಲ್ಲ. ಚಮಚ ಹಿಡಿದರೆ ಜಾರುತ್ತಿತ್ತು. ಚಿತ್ತಾರದ ಎಳೆ ಅಂದರೆ ಒಂದರ ಪಕ್ಕ ಒಂದು, ಕೂದಲಿನಷ್ಟು ಜಾಗ ಬಿಟ್ಟು, ಉಸಿರು ಹಿಡಿದು ಎಳೆಯುವಂಥದ್ದು. ಆ ಕೆಲಸ ಮುಗಿದೇ ಹೋಯಿತು ಅಂದುಕೊಂಡೆ. ಅಮ್ಮನ ಎದುರು ಅಳುತ್ತಿರಲಿಲ್ಲ. ಕೊಟ್ಟಿಗೆಯಲ್ಲಿ ಅಳುತ್ತಿದ್ದೆ.

ಆ ದಿನಗಳಲ್ಲಿ ಎಲ್ಲರೂ ಪ್ರೀತಿಯಿಂದಲೇ ಕೇಳುತ್ತಿದ್ದರು, ಈಗ ಹೇಗಿದೆ ಅಂತ. ಪರವಾಗಿಲ್ಲ ಎಂದು ಹೇಳಿ ಹೇಳಿ ನನಗೆ ಆ ಮಾತೇ ಬೇಡವಾಗಿತ್ತು. ಗುಂಪಿನಲ್ಲಿ ಮಾತಾಡುವುದನ್ನೇ ಬಿಟ್ಟೆ. ಆಗ ಒಂದು ಸಂಜೆ ತೀರ್ಥಹಳ್ಳಿಯ ಅಕ್ಕನ ಧ್ವನಿ ಬಂತು. ಅವರು ಕವಿತೆ ಬರೆಯುವವರು. ಕೈಯ ಸುದ್ದಿ ಎತ್ತಲೇ ಇಲ್ಲ. "ಇವತ್ತು ಏನು ನೋಡ್ದೆ ಮಾರಾಯ್ತಿ?" ಅಂದರು, ಅಷ್ಟೇ.

"ಏನಿಲ್ಲಕ್ಕ, ಮಳೆ" ಅಂದೆ.

"ಮಳೆ ಎಲ್ಲಿ ಬೀಳ್ತಿತ್ತು?"

ಎದ್ದು ನೋಡಿದೆ. ಸೂರಿನ ಹಂಚಿನಿಂದ ಇಳಿದ ನೀರು ಹಂಡೆಗೆ ಬೀಳುತ್ತಿತ್ತು. ಹಂಡೆ ತುಂಬುತ್ತಾ ಬಂದ ಹಾಗೆ ಸದ್ದು ಸಣ್ಣದಾಗುತ್ತಿತ್ತು. ಕೊಟ್ಟಿಗೆಯ ತಗಡಿನ ಮೇಲೆ ಬೀಳುವುದು ಬೇರೆ ಸದ್ದು. ಬಾಳೆ ಎಲೆ ಮೇಲಿನದು ಇನ್ನೂ ಬೇರೆ. ಅದನ್ನೆಲ್ಲ ಅಕ್ಕನಿಗೆ ಹೇಳಿದೆ. ಹೇಳುವಾಗ ಎಷ್ಟು ಹೊತ್ತಾಯಿತು ಅನ್ನುವುದೂ ಗೊತ್ತಾಗಲಿಲ್ಲ. ಕೈ ನೋಯುತ್ತಿದೆ ಅನ್ನುವುದು ಮರೆತೇ ಹೋಗಿತ್ತು.

ಮರುದಿನ ಅದೇ ಪ್ರಶ್ನೆ. ಅದರ ಮರುದಿನವೂ. ಆಮೇಲೆ ಬೇರೆಯವರೂ ಸೇರಿಕೊಂಡರು. ಸಂಜೆ 7 ಗಂಟೆಗೆ ಯಾರಾದರೂ ಒಬ್ಬರು ಕೇಳೇ ಕೇಳುತ್ತಿದ್ದರು. ಅದಕ್ಕೆ ಉತ್ತರ ಬೇಕಲ್ಲ ಅಂತ ನಾನು ಹಗಲಿಡೀ ನೋಡಲು ಶುರು ಮಾಡಿದೆ. ಅಡಿಗೆಮನೆ ಹೊಸ್ತಿಲು ದಾಟಲು ನೋಡುತ್ತಿದ್ದ ಇಂಬಳ, ಅಂದರೆ ಜಿಗಣೆ. ಒಲೆಯ ಹೊಗೆಗೆ ಕಪ್ಪಾದ ಅಟ್ಟದ ಮೇಲೆ ಅಮ್ಮ ಮುಚ್ಚಿಟ್ಟ ಹಲಸಿನ ಹಪ್ಪಳದ ಡಬ್ಬ. ಮಳೆ ಸ್ವಲ್ಪ ಹೊಳವು ಕೊಟ್ಟಾಗ ತೋಟದಲ್ಲಿ ಅಡಿಕೆಯ ಕೊಳೆ ರೋಗಕ್ಕೆ ಔಷಧಿ ಹೊಡೆಯುವವರು ಮರ ಹತ್ತುವುದು. ಮೈಲುತುತ್ತು, ಸುಣ್ಣ ಬೆರೆಸಿದ ಆ ನೀರು ಬಿದ್ದು ಗೊನೆಗಳೆಲ್ಲ ತಿಳಿ ನೀಲಿ ಆಗುತ್ತವೆ. ಹುಟ್ಟಿದಾಗಿನಿಂದ ನೋಡಿದ್ದೆ. ಆ ನೀಲಿ ನಮ್ಮ ಚಿತ್ತಾರದಲ್ಲಿ ಇಲ್ಲ ಅನ್ನುವುದು ಆವತ್ತೇ ಹೊಳೆದಿದ್ದು. ಅಕ್ಕಿಯ ಬಿಳಿ, ಹುರಿದು ಕರಕಲಾದ ಅಕ್ಕಿಯ ಕಪ್ಪು, ಕೆಮ್ಮಣ್ಣಿನ ಕೆಂಪು, ಗುರಿಗೆ ಕಾಯಿಯ ಹಳದಿ. ನಮ್ಮ ಬಣ್ಣಗಳು ಇವು. ಅಕ್ಕ ಅದಕ್ಕೆ ಎರಡು ದಿನ ಬಿಟ್ಟು ನೀಲಿ ಗೊನೆಯ ಮೇಲೇ ಒಂದು ಕವಿತೆ ಓದಿದರು. ನನ್ನ ಕಣ್ಣು ಇನ್ನೊಬ್ಬರ ಮಾತಿಗೆ ಬಂತಲ್ಲ ಎಂದು ಆವತ್ತು ತುಂಬ ಖುಷಿಯಾಗಿತ್ತು.

ಕರೆಂಟ್ ಇಲ್ಲದ ದಿನಗಳೂ ಇದ್ದವು. ಒಮ್ಮೆ 4 ದಿನ ಕರೆಂಟೂ ಇಲ್ಲ, ನೆಟ್‌ವರ್ಕೂ ಇಲ್ಲ. ಐದನೇ ದಿನ ಮನೆ ಹಿಂದಿನ ದರೆ ಹತ್ತಿ ನಿಂತಾಗ ಫೋನ್ ಒಂದೇ ಸಮನೆ ಬಡಿದುಕೊಂಡಿತು. ನಾನು ಕೇಳಲಿಲ್ಲ ಎಂದು ಅವರು ನಿಲ್ಲಿಸಿರಲಿಲ್ಲ. ತಾವು ನೋಡಿದ್ದನ್ನು ನನಗಾಗಿ ಹೇಳಿ ಹೇಳಿ ಇಟ್ಟಿದ್ದರು. ಕೊಡೆ ಹಿಡಿದು ನಿಂತೇ ಅಷ್ಟನ್ನೂ ಕೇಳಿದೆ.

ಶಿವಮೊಗ್ಗದ ಮೇಷ್ಟ್ರಿಗೆ ಏನು ಹೇಳಲಿ? ನಾನು ಮಾತಾಡಿದ್ದನ್ನೆಲ್ಲ ಅವರು ದಿನಾ ರಾತ್ರಿ ಕೂತು ಕೇಳಿ ನೋಟ್‌ಬುಕ್ಕಿನಲ್ಲಿ ಬರೆದಿಡುತ್ತಿದ್ದರು ಅನ್ನುವುದು ನನಗೆ ತಿಂಗಳುಗಟ್ಟಲೆ ಗೊತ್ತೇ ಇರಲಿಲ್ಲ. ಗೊತ್ತಾಗಿದ್ದು ಒಂದು ಶಬ್ದದಿಂದ. ನಾನು ಎಲ್ಲೋ ದಣಪೆ ಅಂದಿದ್ದೆ. ತೋಟದ ಬಾಗಿಲಿಗೆ ಅಡ್ಡ ಹಾಕುವ ಗಳುಗಳು. ಮೇಷ್ಟ್ರ ಮೂಲ ತೀರ್ಥಹಳ್ಳಿ ಕಡೆ. "ಇದು ನಮ್ಮ ಉಣುಗೋಲು ತಾನೇ? ಏನಂತ ಬರ್ಕೊಳ್ಳಿ?" ಎಂದು ಕೇಳಿದರು. ಅವತ್ತು ರಾತ್ರಿ 11 ಗಂಟೆ ತನಕ ಅದೇ ಮಾತು. ಒಬ್ಬರು ತಡಮೆ ಅಂದರು. ತಡಮೆ ಬೇರೆ, ಉಣುಗೋಲು ಬೇರೆ ಎಂದು ಇನ್ನೊಬ್ಬರು ಚಿತ್ರ ಬರೆದೇ ತೋರಿಸಿದರು. ಕೊನೆಗೆ ಮೇಷ್ಟ್ರು, "ಅವಳ ಮನೆ ಬಾಗಿಲು, ಅವಳ ಮಾತೇ ಇರಲಿ" ಎಂದು ದಣಪೆ ಎಂದೇ ಬರೆದುಕೊಂಡರು. ನಾನು ಶಾಲೆಯಲ್ಲಿ ಹಳ್ಳಿ ಮಾತಾಡಿದ್ದಕ್ಕೆ ಬೈಸಿಕೊಂಡವಳು. ಮೇಷ್ಟ್ರೇ, ಆ ಒಂದು ಮಾತು ನನಗೆ ಎಷ್ಟು ದೊಡ್ಡದಾಗಿತ್ತು ಎಂದು ನಿಮಗೆ ಇವತ್ತಿನವರೆಗೂ ಹೇಳಿರಲಿಲ್ಲ. 200 ಪುಟದ ಎರಡು ನೋಟ್‌ಬುಕ್ ಈಗ ನನ್ನ ಹತ್ತಿರ ಇವೆ. ನಿಮ್ಮ ದುಂಡು ಅಕ್ಷರ, ನನ್ನ ಮಾತು.

ಸೊರಬದ ಅಣ್ಣ ಗುಡಿಗಾರರು. ಗಂಧ, ಶಿವನಿ ಮರದಲ್ಲಿ ಕೆತ್ತನೆ ಮಾಡುವವರು. ಹಿಂದೊಮ್ಮೆ ಉಳಿ ನುಗ್ಗಿ ಅವರ ಹೆಬ್ಬೆರಳು ಕೆಟ್ಟಿತ್ತಂತೆ. "ಕೈಗೆ ಈಗಲೇ ಕೆಲಸ ಹೇಳ್ಬೇಡ. ಮೊದಲು ಆಟ ಆಡ್ಸು" ಅಂದರು. ಶಿವನಿ ಮರದಲ್ಲಿ ನುಣ್ಣಗೆ ಒಂದು ಉಂಡೆ ಮಾಡಿ, ಬಸ್ಸಿನವರ ಕೈಯಲ್ಲಿ ಕೊಟ್ಟು ಕಳಿಸಿದರು. ಡಾಕ್ಟರನ್ನು ಕೇಳಿಯೇ ಶುರು ಮಾಡು ಎಂದು ಎರಡು ಸಲ ಹೇಳಿದರು. ಕೇಳಿದೆ. ಆಗಬಹುದು ಅಂದರು. ಅಂಗೈಯಲ್ಲಿ ಅದನ್ನು ಉರುಳಿಸುತ್ತಲೇ ನಾನು ಸಂಜೆ ಮಾತಾಡುತ್ತಿದ್ದೆ. ಈಗಲೂ ಅದು ನನ್ನ ಮಡಿಲಲ್ಲೇ ಇದೆ.

ಈಗ ಒಂದು ಕಷ್ಟದ ಮಾತು. ಇದನ್ನು ಹೇಳದೆ ಧನ್ಯವಾದ ಹೇಳಿದರೆ ಸರಿಯಲ್ಲ.

ತುಮರಿ ಕಡೆಯ ತಂಗಿ ನಮ್ಮಲ್ಲಿ ಚಿಕ್ಕವಳು. ನಮ್ಮ ಜನದವಳಲ್ಲ. ಆದರೂ ಚಿತ್ತಾರ ಅಂದರೆ ಜೀವ. ಅಂಗಡಿ ಬಣ್ಣದಲ್ಲಿ ಬಟ್ಟೆಯ ಮೇಲೆ ಬರೆದು, ಮಾರಿ, ಕಾಲೇಜಿನ ಫೀಸು ಕಟ್ಟುತ್ತಿದ್ದಳು. ಹೋದ ವರ್ಷ ಅವಳು ಹೊಸದೊಂದನ್ನು ಬರೆದು ಗುಂಪಿಗೆ ಕಳಿಸಿದಳು. ಎಳೆಗಳು ಚೆನ್ನಾಗಿದ್ದವು. ಅದನ್ನು ನೋಡಿಯೇ ನನಗೆ ತಡೆಯಲಾಗಲಿಲ್ಲ. ನನ್ನ ಕೈ ಹೀಗಿದೆ, ಅವಳ ಕೈ ಹಾಗೆ ಓಡುತ್ತಿದೆ. "ಗೋಡೆ ಬಿಟ್ಟ ಹಸೆ ಹಸೆಯೇ ಅಲ್ಲ, ನಿನಗೆ ಇದು ಏನು ಗೊತ್ತು?" ಎಂದುಬಿಟ್ಟೆ. ಎಲ್ಲರ ಎದುರಿಗೆ. ಯಾರೂ ಮಾತಾಡಲಿಲ್ಲ. ಅವಳಂತೂ 9 ದಿನ ಮಾತಾಡಲಿಲ್ಲ. ಅಕ್ಕ ನನಗೆ ಒಬ್ಬಳಿಗೇ ಫೋನ್ ಮಾಡಿ, "ನೋವು ನಿಂದು ಹೌದು, ಆದ್ರೆ ಪೆಟ್ಟು ಬಿದ್ದಿದ್ದು ಆ ಮಗೂಗೆ" ಅಂದರು. ಆವತ್ತು ನನಗೆ ಊಟ ಸೇರಲಿಲ್ಲ.

ಹತ್ತನೇ ದಿನ ಅವಳೇ ಮಾತಾಡಿದಳು. "ಅಕ್ಕ, ಗುರಿಗೆ ಕಾಯಿಯಿಂದ ಹಳದಿ ಹೇಗೆ ತೆಗೀತಾರೆ? ನಂಗೆ ಗೊತ್ತಿಲ್ಲ, ಹೇಳಿಕೊಡ್ತೀರಾ?"

ತಂಗಿ, ಆವತ್ತು ನಿನಗೆ ಹೇಳಿಕೊಟ್ಟೆ. ಆದರೆ ತಪ್ಪಾಯಿತು ಎಂದು ಬಾಯಿಬಿಟ್ಟು ಹೇಳಿರಲಿಲ್ಲ. ಎಲ್ಲರ ಎದುರು ಅಂದ ಮಾತಿಗೆ ಎಲ್ಲರ ಎದುರೇ ಹೇಳುತ್ತಿದ್ದೇನೆ. ತಪ್ಪಾಯಿತು. ಮನಸ್ಸಿನಲ್ಲಿ ಇಟ್ಟುಕೊಳ್ಳಬೇಡ.

ಹೋದ ವರ್ಷ ವಿಜಯದಶಮಿ ಬಂದಾಗ ಬುಟ್ಟಿ ಯಾರು ಬರೆಯುವುದು ಎಂಬ ಚಿಂತೆ. ಅಮ್ಮನಿಗೆ ಕಣ್ಣು ಮಂಜು. ನಾನು ಗುಂಪಿನಲ್ಲಿ ಏನೂ ಹೇಳಿರಲಿಲ್ಲ. ಸಂಜೆ ಪ್ರಶ್ನೆಗೆ, "ಬರಿ ಕೆಮ್ಮಣ್ಣು ಬಳಿದ ಬುಟ್ಟಿ ನೋಡಿದೆ" ಎಂದು ಮಾತ್ರ ಅಂದಿದ್ದೆ. ಮರುದಿನ ಬೆಳಿಗ್ಗೆ ಈ ತಂಗಿ ನಮ್ಮ ಅಂಗಳದಲ್ಲಿ ನಿಂತಿದ್ದಳು. ಶರಾವತಿ ಹಿನ್ನೀರು ದಾಟಿಸುವ ಮೊದಲ ಲಾಂಚ್ ಹಿಡಿದು ಬಂದಿದ್ದಳು. ಅಮ್ಮನನ್ನು ಕೇಳಿದೆ, ಇವಳು ಬರೆಯಬಹುದಾ ಅಂತ. ಅಮ್ಮ ಅವಳ ಕೈ ಹಿಡಿದು ಬೆರಳು ಸವರಿ ನೋಡಿ, "ತಾಯಿಗೆ ಉಣ್ಸೋ ಬುಟ್ಟಿ ಬೋಳಾಗಿ ಹೋಗ್ಬಾರ್ದು. ಕೂತ್ಕ ಮಗ" ಅಂದಳು.

ಮೂರು ದಿನ ಬಂದಳು. ನಾನು ಹೇಳುತ್ತಿದ್ದೆ, ಅವಳು ಬರೆಯುತ್ತಿದ್ದಳು. ಅಮ್ಮ ಅಜ್ಜಿಯ ಹಾಡು ಹೇಳುತ್ತಿದ್ದಳು. ಬಾಯಲ್ಲಿ ಹೇಳಿಕೊಡುವಾಗಲೇ ನನಗೆ ಗೊತ್ತಾಗಿದ್ದು, ಎಲ್ಲಿ ಉಸಿರು ಹಿಡಿಯಬೇಕು, ಎಲ್ಲಿ ಬಿಡಬೇಕು ಅನ್ನುವುದೆಲ್ಲ ನನ್ನೊಳಗೆ ಹಾಗೇ ಇದೆ ಅಂತ. ಆದರೆ ಮಾತು ಬಿಸಿಯೇರುವ ಹೊತ್ತಿಗೇ ಅವಳು ಗಡಿಯಾರ ನೋಡುತ್ತಿದ್ದಳು. ಕೊನೆ ಲಾಂಚ್ ತಪ್ಪಿದರೆ ಮನೆ ಸೇರುವ ಹಾಗಿರಲಿಲ್ಲ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಆದ ಮೇಲೆ ಹಿನ್ನೀರಿನ ಆಚೆಯವರ ಬದುಕೆಲ್ಲ ಹೀಗೇ ಇತ್ತು, ಅರ್ಧಕ್ಕೆ ಎದ್ದು ಹೊರಡುವುದು.

2025ರ ಜುಲೈ 14ಕ್ಕೆ ಹಿನ್ನೀರಿನ ಮೇಲೆ ಅಂಬಾರಗೋಡ್ಲು ಕಳಸವಳ್ಳಿ ಸೇತುವೆ ಶುರುವಾಯಿತು. ಸುಮಾರು 2.4 ಕಿಲೋಮೀಟರ್ ಉದ್ದ. ಈ ಸಲವೂ ತಂಗಿ ಬಂದಳು. ನಾನು ಬರೆದೆ, ಅವಳು ಪಕ್ಕದಲ್ಲಿ ಕೂತಳು. ಭತ್ತದ ತೆನೆ, ತೇರು, ಗುಬ್ಬಚ್ಚಿ. ಒಂದು ಕಡೆ ಎಳೆ ನಡುಗಿತು. ಒರೆಸಲು ಹೋದೆ. "ಇರ್ಲಿ ಬಿಡಿ ಅಕ್ಕ" ಅಂದಳು. ಬಿಟ್ಟೆ. ರಾತ್ರಿ 9 ಗಂಟೆ ತನಕ ಮಾತಾಡಿದೆವು. ಅವಳು ಒಂದು ಸಲವೂ ಗಡಿಯಾರ ನೋಡಲಿಲ್ಲ. ಅವಳ ಅಣ್ಣ ಬೈಕಿನಲ್ಲಿ ಬಂದು, ನಮ್ಮಲ್ಲೇ ಉಂಡು, ಕರೆದುಕೊಂಡು ಹೋದ.

ಆಸ್ಪತ್ರೆ ಖರ್ಚಿಗೆ ಆದವರೂ ಇದ್ದಾರೆ. ಹೆಸರು ಹೇಳಬೇಡ ಎಂದಿದ್ದಾರೆ, ಹೇಳುವುದಿಲ್ಲ. ಶಿವಮೊಗ್ಗದಲ್ಲಿ ಅಮ್ಮನನ್ನು ತಮ್ಮ ಮನೆಯಲ್ಲಿ ಇಟ್ಟುಕೊಂಡವರಿಗೆ, ದಿನಾ ಗಂಜಿ ತಂದವರಿಗೆ, ಏನೂ ಮಾತಾಡದೆ ಬರೀ ಕೇಳಿಸಿಕೊಂಡವರಿಗೆ, ಎಲ್ಲರಿಗೂ ನನ್ನ ನಮಸ್ಕಾರ.

ತೀರ್ಥಹಳ್ಳಿ ಅಕ್ಕ, ಇವತ್ತು ನೀವು ಕೇಳುವ ಮೊದಲೇ ಹೇಳುತ್ತೇನೆ. ಅಮ್ಮ ಬುಟ್ಟಿಯನ್ನು ಅಟ್ಟಕ್ಕೆ ಏರಿಸುವ ಮೊದಲು ಜಗಲಿಯಲ್ಲಿ ಬಿಸಿಲಿಗೆ ಇಟ್ಟಿದ್ದಳು. ಇರುವೆಗಳು ಬಂದಿದ್ದವು. ಅಕ್ಕಿ ಹಿಟ್ಟಿನ ಎಳೆಯನ್ನೇ ಹಿಡಿದು ಸಾಲಾಗಿ ಹೊರಟಿದ್ದವು. ಎಳೆ ನಡುಗಿದ ಜಾಗಕ್ಕೆ ಬಂದಾಗ ಅವೂ ಸ್ವಲ್ಪ ಅತ್ತಿತ್ತ ಆಗಿ, ಮತ್ತೆ ನೆಟ್ಟಗೆ ಹೋದವು. ನೀವು ಏನು ನೋಡಿದಿರಿ?