ಹಳೆಯ ವಿದ್ಯಾರ್ಥಿಗಳ ಗಮನಕ್ಕೆ: ಮಾರ್ಗದರ್ಶಕರು ಬೇಕಾಗಿದ್ದಾರೆ

ಎಲ್ಲರಿಗೂ ನಮಸ್ಕಾರ.

ಶಾಲೆಯಲ್ಲಿದ್ದಾಗ ಗ್ಲೋಬ್ ಕಾರ್ಯಕ್ರಮಕ್ಕಾಗಿ (ಶಾಲಾ ಮಕ್ಕಳೇ ಸುತ್ತಲಿನ ಪರಿಸರವನ್ನು ಅಳೆದು ದಾಖಲಿಸುವ ಅಂತರರಾಷ್ಟ್ರೀಯ ವಿಜ್ಞಾನ ಕಾರ್ಯಕ್ರಮ) ಮೋಡ ನೋಡಿ, ಮಳೆ ಅಳೆದವರೇ ಈ ಗುಂಪಿನಲ್ಲಿದ್ದೇವೆ. 1995ರಲ್ಲಿ ಶುರುವಾದ ಈ ಕೆಲಸ ಈಗ 120ಕ್ಕೂ ಹೆಚ್ಚು ದೇಶಗಳಿಗೆ ಹಬ್ಬಿದೆ. ಈ ಸಲ ಬೇರೆ ಬೇರೆ ದೇಶಗಳ ಶಾಲಾ ತಂಡಗಳಿಗೆ ನಮ್ಮಲ್ಲಿ ಒಬ್ಬೊಬ್ಬರು ಜೊತೆಯಾಗಬೇಕು. ಮುಂದಿನ ತಿಂಗಳಿಂದ ಮೂರು ತಿಂಗಳು, ಹದಿನೈದು ದಿನಕ್ಕೊಮ್ಮೆ ಒಂದು ಗಂಟೆ ವಿಡಿಯೋ ಕರೆ.

ಪಾಠ ಮಾಡುವುದು ಬೇಡ, ಅದಕ್ಕೆ ಶಿಕ್ಷಕರಿದ್ದಾರೆ. ಮಕ್ಕಳು ಎಡವುವುದು ಸಣ್ಣ ಸಂಗತಿಗಳಲ್ಲಿ. ತಾಪಮಾಪಕದ ಪೆಟ್ಟಿಗೆಯ ಬಾಗಿಲು ಉತ್ತರಾರ್ಧಗೋಳದಲ್ಲಿ ಉತ್ತರಕ್ಕೆ, ದಕ್ಷಿಣಾರ್ಧಗೋಳದಲ್ಲಿ ದಕ್ಷಿಣಕ್ಕೆ ಇರಬೇಕು. ಇಲ್ಲದಿದ್ದರೆ ತೆರೆದ ಕೂಡಲೇ ಬಿಸಿಲು ಒಳಗೆ ಬೀಳುತ್ತದೆ. ಇಂಥದ್ದನ್ನು ಕೈಯಾರೆ ಮಾಡಿದವರು ಹೇಳಿದರೆ ಬೇಗ ತಲೆಗೆ ಹತ್ತುತ್ತದೆ. ಒಂದು ದಿನದ ಅಳತೆ ತಪ್ಪಿದರೆ ಊಹಿಸಿ ತುಂಬಬಾರದು, ಖಾಲಿ ಬಿಡಬೇಕು. ಇದನ್ನು ಮೊದಲ ಕರೆಯಲ್ಲೇ ಹೇಳಿ.

ಒಪ್ಪುವವರು ಭಾನುವಾರದೊಳಗೆ ಇಲ್ಲೇ ತಿಳಿಸಿ: ನೀವು ಮಾಡಿದ ಅಳತೆಗಳು, ಬರುವ ಭಾಷೆಗಳು, ಬಿಡುವಿನ ವೇಳೆ. ವೇಳೆಯನ್ನು ದಯವಿಟ್ಟು ಯುಟಿಸಿಯಲ್ಲೇ (ಎಲ್ಲ ದೇಶಗಳಿಗೂ ಒಂದೇ ಆದ ಪ್ರಮಾಣಿತ ಸಮಯ) ಬರೆಯಿರಿ, ಕಳೆದ ಸಲ ಈ ಗೊಂದಲದಿಂದಲೇ ಎರಡು ಕರೆ ತಪ್ಪಿಹೋದವು. ಮಕ್ಕಳ ಜೊತೆ ಮಾತು ಶಿಕ್ಷಕರು ಇರುವಾಗ ಮಾತ್ರ, ಖಾಸಗಿ ಸಂದೇಶ ಬೇಡವೇ ಬೇಡ. ಈ ಸಲ ಆಗದವರೂ ಒಂದು ಸಾಲು ಹಾಕಿಬಿಡಿ.